ಯಂತ್ರದ ಉಸಿರು: ಮೋಟಾರು ಕಾರಿನ ಗಾಳಿದಾರಿಯನ್ನು ಕುರಿತು ಒಂದು ವಿವೇಚನೆ

ಪೀಠಿಕೆ

ಜೀವಿಗಳಿಗೆ ಅನ್ನ, ನೀರು, ಗಾಳಿ ಮೂರೂ ಬೇಕು. ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ತಾಳಬಹುದು. ಗಾಳಿಯಿಲ್ಲದೆ ಕೆಲವು ನಿಮಿಷ ತಾಳುವುದೂ ಕಷ್ಟ. ಮೋಟಾರು ಎಂಜಿನ್ನಿಗೂ ಈ ಮಾತು ಸಲ್ಲುತ್ತದೆ. ಪೆಟ್ರೋಲು ಅದರ ಅನ್ನ. ಗಾಳಿ ಅದರ ಉಸಿರು. ಅನ್ನಕ್ಕೆ ಹಣ ತೆರಬೇಕಾದುದರಿಂದ ಒಡೆಯನು ಅದರ ಲೆಕ್ಕವನ್ನು ಬಿಡದೆ ಇಡುತ್ತಾನೆ. ಉಸಿರು ಬಿಟ್ಟಿ ದೊರೆಯುವುದರಿಂದ ಅದರ ಕಡೆಗೆ ಲಕ್ಷ್ಯ ಕಡಿಮೆ.

ಆದರೆ ಕಾರು ಕೊಂಡ ತರುಣರಲ್ಲಿ ಕೆಲವರಿಗೆ ಈ ಉಸಿರಿನ ಮೇಲೆ ಬೇರೊಂದು ಬಗೆಯ ಲಕ್ಷ್ಯ ಹುಟ್ಟಿದೆ. ಕಾರ್ಖಾನೆಯಿಂದ ಬಂದ ಗಾಳಿಪೆಟ್ಟಿಗೆಯನ್ನು ಕಳಚಿ, ಮಾರುಕಟ್ಟೆಯಲ್ಲಿ ಸಿಗುವ ಶಂಕುವಿನಾಕಾರದ ಶೋಧಕವನ್ನೂ ಹೊಳೆಯುವ ಕೊಳವೆಯನ್ನೂ ಕೂಡಿಸಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆಂಬ ನಂಬಿಕೆ ಅವರದು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ, ಬೀದರ ನಗರ, ಭಾಲ್ಕಿ, ಔರಾದ ಪ್ರದೇಶದ ನೆಲಕ್ಕೂ ಹವೆಗೂ ಅದು ಎಷ್ಟು ಹೊಂದುತ್ತದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವಿವೇಚನೆಯ ಸೌಕರ್ಯಕ್ಕಾಗಿ ಕಾರ್ಖಾನೆಯದನ್ನು ‘ಮೂಲಜೋಡಣೆ’ ಎಂದೂ, ಮಾರುಕಟ್ಟೆಯದನ್ನು ‘ಹೊರಜೋಡಣೆ’ ಎಂದೂ ಕರೆಯಲಾಗಿದೆ.

ಉಸಿರಿನ ಪ್ರಮಾಣ

ಪೆಟ್ರೋಲು ಸಂಪೂರ್ಣವಾಗಿ ಉರಿಯಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರು ಪೆಟ್ರೋಲು ಸುಮಾರು 740 ಗ್ರಾಂ ತೂಗುತ್ತದೆ. ಅದಕ್ಕೆ ಸುಮಾರು 11 ಕಿಲೋಗ್ರಾಂ ಗಾಳಿ ಬೇಕು. ಅಂದರೆ ಗಾತ್ರದಲ್ಲಿ ಸುಮಾರು 10,000 ಲೀಟರು. ಬೀದರಿನಿಂದ ಔರಾದಿಗೆ ಹೋಗುವ ಕಾರು ಮೂರು ಲೀಟರು ಪೆಟ್ರೋಲು ಉರಿಸಿತೆಂದು ಭಾವಿಸಿದರೆ, ಆ ಒಂದು ಪ್ರಯಾಣದಲ್ಲಿ ಅದು 30,000 ಲೀಟರು ಗಾಳಿಯನ್ನು ಒಳಕ್ಕೆ ಸೆಳೆದುಕೊಂಡಿತು ಎಂದಾಯಿತು. ಗಾಳಿಯೊಡನೆ ದಾರಿಯ ಧೂಳೂ ಅದರ ಬಾಗಿಲಿಗೆ ಬಂದೇ ಬರುತ್ತದೆ.

ಈ ಗಾಳಿ ಸಾಗುವ ದಾರಿಯಲ್ಲಿ ನಾಲ್ಕು ಅಂಗಗಳಿವೆ. ಮೊದಲನೆಯದು ಸಾಮಾನ್ಯವಾಗಿ ಮುಂಭಾಗದಲ್ಲಿ, ತಂಪಾದ ಗಾಳಿ ಸಿಗುವ ಎಡೆಯಲ್ಲಿರುವ ಬಾಯಿ. ಎರಡನೆಯದು ಶೋಧಕವನ್ನು ಒಳಗೊಂಡ ಮುಚ್ಚಿದ ಪೆಟ್ಟಿಗೆ. ಮೂರನೆಯದು ಕೊಳವೆ ಮತ್ತು ಅದಕ್ಕೆ ಅಂಟಿಕೊಂಡ ನಾದಶಾಮಕ ಕೋಣೆ. ನಾಲ್ಕನೆಯದು ಚಾಲಕನ ಕಾಲೊತ್ತಿಗೆ ತಕ್ಕಂತೆ ತೆರೆದು ಮುಚ್ಚುವ ಥ್ರಾಟಲ್ ಕವಾಟ. ಹೊರಜೋಡಣೆಯು ಬದಲಿಸುವುದು ಮೊದಲ ಮೂರನ್ನು ಮಾತ್ರ; ನಾಲ್ಕನೆಯದು ಇದ್ದಂತೆಯೇ ಇರುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯಬೇಕು.

ಪೂರ್ವಪಕ್ಷ

ಹೊರಜೋಡಣೆಯ ಪಕ್ಷದವರು ಮುಖ್ಯವಾಗಿ ನಾಲ್ಕು ಯುಕ್ತಿಗಳನ್ನು ಮುಂದಿಡುತ್ತಾರೆ. ಗಾಳಿದಾರಿಯ ಅಡ್ಡಿ ಕಡಿಮೆಯಾದರೆ ಹೆಚ್ಚು ಗಾಳಿ, ಹೆಚ್ಚು ಗಾಳಿಯಿಂದ ಹೆಚ್ಚು ಶಕ್ತಿ ಎಂಬುದು ಮೊದಲನೆಯದು. ಕಾರು ವೇಗವಾಗಿ ಓಡುವಾಗ ಎದುರು ಗಾಳಿಯೇ ಕೊಳವೆಯೊಳಗೆ ನುಗ್ಗುತ್ತದೆಂಬುದು ಎರಡನೆಯದು. ಹೊಸ ಜೋಡಣೆಯಾದ ಮೇಲೆ ಎಂಜಿನ್ನು ಗರ್ಜಿಸುತ್ತದೆ, ಆ ಗರ್ಜನೆಯೇ ಶಕ್ತಿಗೆ ಸಾಕ್ಷಿ ಎಂಬುದು ಮೂರನೆಯದು. ಎಣ್ಣೆ ಸವರಿದ ಹತ್ತಿಬಟ್ಟೆಯ ಶೋಧಕವನ್ನು ತೊಳೆದು ಮತ್ತೆ ಬಳಸಬಹುದಾದುದರಿಂದ ಹಣ ಉಳಿಯುತ್ತದೆಂಬುದು ನಾಲ್ಕನೆಯದು. ಇವುಗಳಲ್ಲಿ ಯಾವುದೂ ಬುಡವಿಲ್ಲದ ಮಾತಲ್ಲ. ಪ್ರಶ್ನೆ ಇರುವುದು ಎಷ್ಟು ಎಂಬುದರಲ್ಲಿ.

ಪರೀಕ್ಷೆ

ಮೊದಲ ಯುಕ್ತಿಯನ್ನು ಅಳೆದು ನೋಡಬಹುದು. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡವು ಸುಮಾರು 10.3 ಮೀಟರು ಎತ್ತರದ ನೀರಿನ ಕಂಬಕ್ಕೆ ಸಮ. ಎರಡು ಸಾವಿರ ಅಡಿಗೂ ಮೇಲಿರುವ ಬೀದರಿನ ಪ್ರಸ್ಥಭೂಮಿಯಲ್ಲಿ ಅದು ಸುಮಾರು 9.6 ಮೀಟರಿಗೆ ಇಳಿಯುತ್ತದೆ. ಎಂಜಿನ್ನು ಪೂರ್ಣ ಭಾರದಲ್ಲಿ ದುಡಿಯುವಾಗ ಮೂಲಜೋಡಣೆಯ ಪೆಟ್ಟಿಗೆ, ಶೋಧಕ, ಕೊಳವೆ ಎಲ್ಲವೂ ಸೇರಿ 30 ಸೆಂಟಿಮೀಟರು ನೀರಿನಷ್ಟು ಒತ್ತಡವನ್ನು ತಿನ್ನುತ್ತವೆ ಎಂದಿಟ್ಟುಕೊಳ್ಳೋಣ. ಅದು ಒಟ್ಟು ಒತ್ತಡದ ಶೇಕಡಾ 3ರಷ್ಟು ಮಾತ್ರ. ಅಡ್ಡಿಯನ್ನೆಲ್ಲ ಮಂತ್ರಹಾಕಿದಂತೆ ಅಳಿಸಿಬಿಟ್ಟರೂ ಲಾಭ ಅದನ್ನು ಮೀರದು. 80 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದು ಎರಡೂವರೆ ಅಶ್ವಶಕ್ತಿಗಿಂತ ಕಡಿಮೆ. ಹೊರಜೋಡಣೆಗೂ ತನ್ನದೇ ಆದ ಅಡ್ಡಿ ಇದ್ದೇ ಇರುವುದರಿಂದ ಕೈಗೆ ಬರುವ ಪಾಲು ಇನ್ನೂ ಚಿಕ್ಕದು.

ಅದೂ ಥ್ರಾಟಲ್ ಪೂರ್ಣ ತೆರೆದಾಗಿನ ಲೆಕ್ಕ. ದಿನನಿತ್ಯದ ಓಡಾಟದಲ್ಲಿ ಕವಾಟವು ಅರೆತೆರೆದಿರುತ್ತದೆ. ಇಡೀ ದಾರಿಯಲ್ಲಿ ಅತ್ಯಂತ ಇಕ್ಕಟ್ಟಾದ ಎಡೆ ಅದೇ. ಬೀದರಿನ ನೌಬಾದಿನಲ್ಲಿ ಬಹಮನೀ ಕಾಲದ ಸುರಂಗಬಾವಿಯನ್ನು ನೋಡಿದವರಿಗೆ ಇದು ಸುಲಭವಾಗಿ ಹೊಳೆದೀತು. ನೆಲದೊಳಗಿನ ಅಂಥ ಕಾಲುವೆಯ ಒಂದೆಡೆಯನ್ನು ಎಷ್ಟೇ ಅಗಲಿಸಿದರೂ, ಮುಂದೆ ಇಕ್ಕಟ್ಟಿದ್ದರೆ ಹೊರಬೀಳುವ ನೀರು ಆ ಇಕ್ಕಟ್ಟಿನ ಅಳತೆಯನ್ನು ಮೀರುವುದಿಲ್ಲ.

ಎರಡನೆಯ ಯುಕ್ತಿ ಇನ್ನೂ ದುರ್ಬಲ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಎದುರುಗಾಳಿಯ ಒತ್ತಡವು ನೀರಿನ ಕಂಬದಲ್ಲಿ ನಾಲ್ಕು ಸೆಂಟಿಮೀಟರಿನ ಆಸುಪಾಸು. ಎಂದರೆ ಶೇಕಡಾ ಅರ್ಧವೂ ಅಲ್ಲ.

ಇದಕ್ಕೆ ಪ್ರತಿಯಾಗಿ ಶಾಖದ ನಷ್ಟವನ್ನು ಗಣಿಸಬೇಕು. ಮುಚ್ಚಳವಿಲ್ಲದ ಶಂಕು ಶೋಧಕವು ಬಾನೆಟ್ಟಿನ ಕೆಳಗಿನ ಬಿಸಿಗಾಳಿಯನ್ನೇ ಸೇದುತ್ತದೆ. ಗಾಳಿ 30 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಶೇಕಡಾ 9ರಷ್ಟು ಕುಗ್ಗುತ್ತದೆ. ಗಳಿಸಿದ್ದು ಮೂರು, ಕಳೆದುಕೊಂಡದ್ದು ಒಂಬತ್ತು! ಕಾರ್ಖಾನೆಯವರು ಪೆಟ್ಟಿಗೆಯನ್ನು ಮುಚ್ಚಿ, ಅದರ ಬಾಯನ್ನು ಮುಂದಕ್ಕೆ ಒಯ್ದಿರುವುದು ಈ ಕಾರಣದಿಂದಲೇ. ಬೀದರ ಜಿಲ್ಲೆಯ ಬೇಸಿಗೆಯ ಮಧ್ಯಾಹ್ನದ 40 ಡಿಗ್ರಿಗೂ ಚಳಿಗಾಲದ ಮುಂಜಾವಿನ 15 ಡಿಗ್ರಿಗೂ ನಡುವೆ ಗಾಳಿಯ ಸಾಂದ್ರತೆಯಲ್ಲಿ ಶೇಕಡಾ 8ಕ್ಕೂ ಮಿಕ್ಕ ವ್ಯತ್ಯಾಸವಿದೆ. ಮೇ ತಿಂಗಳಲ್ಲಿ ಹಳೆಯ ಜೋಡಣೆಯೊಡನೆ ಓಡಿಸಿ, ಡಿಸೆಂಬರಿನಲ್ಲಿ ಹೊಸ ಜೋಡಣೆಯೊಡನೆ ಓಡಿಸಿದವನು ಚಳಿಗಾಲದ ಕೊಡುಗೆಯನ್ನು ಕೊಳವೆಯ ಲೆಕ್ಕಕ್ಕೆ ಬರೆದುಕೊಳ್ಳುವುದು ಸಹಜ.

ಮೂರನೆಯ ಯುಕ್ತಿ ಗರ್ಜನೆಯದು. ತರ್ಕಶಾಸ್ತ್ರದಲ್ಲಿ ಶಬ್ದವೂ ಒಂದು ಪ್ರಮಾಣ; ಆದರೆ ಅಲ್ಲಿ ಶಬ್ದವೆಂದರೆ ಆಪ್ತವಾಕ್ಯ, ಯಥಾರ್ಥವನ್ನು ಬಲ್ಲವನ ಮಾತು. ಕೊಳವೆಯ ಹೂಂಕಾರ ಆಪ್ತವಾಕ್ಯವಲ್ಲ. ಮೂಲಜೋಡಣೆಯ ನಾದಶಾಮಕ ಕೋಣೆಯನ್ನು ತೆಗೆದುಹಾಕಿದುದರಿಂದ, ಎಂಜಿನ್ನು ಗಾಳಿಯನ್ನು ಸೇದುವಾಗ ಆಗುವ ಸದ್ದು ಅಡಗದೆ ಹೊರಬರುತ್ತದೆ, ಅಷ್ಟೆ. ಕಿವಿ ಹೆಚ್ಚು ಕೇಳಿದುದನ್ನು ಮನಸ್ಸು ಹೆಚ್ಚು ವೇಗವೆಂದು ಗ್ರಹಿಸುತ್ತದೆ. ಶಕ್ತಿಯನ್ನು ಅಳೆಯಲು ಡೈನಮೋಮೀಟರೆಂಬ ಸಾಧನವಿದೆ. ಅದರ ಮೇಲೆ ಒಂದೇ ಕಾರನ್ನು, ಒಂದೇ ದಿನ, ಸಮನಾದ ಶಾಖದಲ್ಲಿ ಎರಡೂ ಜೋಡಣೆಗಳೊಡನೆ ಹಲವು ಸಲ ಓಡಿಸಿ ನೋಡಿದ ಅಂಕಿಯೇ ಪ್ರಮಾಣ.

ಧೂಳಿನ ಪ್ರಶ್ನೆ

ನಾಲ್ಕನೆಯ ಯುಕ್ತಿ ಶೋಧಕವನ್ನು ಕುರಿತದ್ದು. ಬೀದರ ಸೀಮೆಗೆ ಅತಿ ಮುಖ್ಯವಾದ ವಿಚಾರ ಇದರಲ್ಲಿಯೇ ಅಡಗಿದೆ.

ಮೋಟಾರು ಯುಗದ ಆರಂಭದಲ್ಲಿ ಕಾರುಗಳಿಗೆ ಗಾಳಿಶೋಧಕವೇ ಇರಲಿಲ್ಲ. 1908ರಲ್ಲಿ ಹೊರಬಂದ ಪ್ರಸಿದ್ಧ ಫೋರ್ಡ್ ಮಾಡೆಲ್ ಟಿ ಗಾಡಿಯಲ್ಲೂ ಇರಲಿಲ್ಲ. ಧೂಳು ಎಂಜಿನ್ನನ್ನು ಸವೆಸುವುದು ಅನುಭವಕ್ಕೆ ಬಂದಮೇಲೆ ಎಣ್ಣೆಬಟ್ಟಲಿನ ಶೋಧಕವೂ, ಅನಂತರ ಮಡಿಕೆ ಕಾಗದದ ಶೋಧಕವೂ ಬಂದವು. ಎಣ್ಣೆಬಟ್ಟಲಿನ ಶೋಧಕವುಳ್ಳ ಟ್ರ್ಯಾಕ್ಟರನ್ನು ಹೂಡಿದ ರೈತನಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟಲನ್ನು ಕಳಚಿ ಹಳೆಯ ಎಣ್ಣೆಯನ್ನು ಚೆಲ್ಲುವಾಗ ತಳದಲ್ಲಿ ಕೂತ ಕೆಸರನ್ನು ಅವನು ಕಣ್ಣಾರೆ ಕಾಣುತ್ತಾನೆ. ಅಷ್ಟೂ ಎಂಜಿನ್ನಿನ ಹೊಟ್ಟೆ ಸೇರಬೇಕಾಗಿದ್ದ ಮಣ್ಣು.

ಬೀದರಿನ ಸುತ್ತ ಕೆಂಪು ಜಂಬಿಟ್ಟಿಗೆಯ ನೆಲ. ಭಾಲ್ಕಿ, ಔರಾದಗಳ ಕಡೆಗೆ ಇಳಿದಂತೆ ಎರೆಯ ಕಪ್ಪುನೆಲ. ಬೇಸಿಗೆಯಲ್ಲಿ ಎರಡೂ ನುಣ್ಣನೆಯ ಧೂಳಾಗಿ ಏಳುತ್ತವೆ. ಕಬ್ಬಿನ ಕಟಾವಿನ ಕಾಲದಲ್ಲಿ ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಟ್ರ್ಯಾಕ್ಟರುಗಳ ಹಿಂದೆ ಮಣ್ಣಿನ ದಾರಿಯಲ್ಲಿ ಸಿಕ್ಕ ಕಾರು ಉಸಿರಾಡುವುದು ಆ ಧೂಳಿನ ಮೋಡದಲ್ಲಿಯೇ. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣವು ಎಂಜಿನ್ನಿನ ಬೀಡುಕಬ್ಬಿಣಕ್ಕಿಂತ ಗಡುಸು. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನು. ಎಂಜಿನ್ನಿಗೆ ಹೆಚ್ಚು ಕೇಡು ಮಾಡುವ ಕಣಗಳು ಅದಕ್ಕಿಂತ ಎಷ್ಟೋ ಚಿಕ್ಕವು, ಬರಿಗಣ್ಣಿಗೆ ಬಿಡಿಯಾಗಿ ಕಾಣದಂಥವು. ಅವು ಎಣ್ಣೆಯ ತೆಳುಪೊರೆಯೊಳಗೆ ಸೇರಿ ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ನಿನ ಉಂಗುರಗಳನ್ನೂ ಸಾಣೆಕಲ್ಲಿನಂತೆ ಸವೆಸುತ್ತವೆ.

ಶೋಧಕಗಳನ್ನು ಪರೀಕ್ಷಿಸಲು ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದು ಅಳೆಯುವ ಮುಖ್ಯ ಗುಣಗಳು ಮೂರು: ಗಾಳಿಗೆ ಒಡ್ಡುವ ಅಡ್ಡಿ, ಧೂಳನ್ನು ತಡೆಯುವ ಸಾಮರ್ಥ್ಯ, ಕಟ್ಟಿಕೊಳ್ಳುವ ಮುನ್ನ ಹಿಡಿದಿಡಬಲ್ಲ ಧೂಳಿನ ಪ್ರಮಾಣ. ಹೊರಜೋಡಣೆಯ ಜಾಹೀರಾತು ಸಾಮಾನ್ಯವಾಗಿ ಮೊದಲನೆಯ ಗುಣವನ್ನು ಮಾತ್ರ ಎತ್ತಿ ಹೇಳುತ್ತದೆ. ಒಂದು ಶೋಧಕ ಶೇಕಡಾ 99ರಷ್ಟು ಧೂಳನ್ನೂ ಇನ್ನೊಂದು ಶೇಕಡಾ 97ರಷ್ಟನ್ನೂ ತಡೆಯುತ್ತದೆಂದು ಭಾವಿಸೋಣ. ನೋಡುವುದಕ್ಕೆ ಅಂತರ ಎರಡೇ ಅಂಕ. ಆದರೆ ಒಳಹೊಕ್ಕ ಧೂಳನ್ನು ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಮೂರು ಪಾಲು. ಸವೆತಕ್ಕೆ ಕಾರಣವಾಗುವ ಧೂಳು ಮೂರು ಪಟ್ಟು! ತಡೆದುದನ್ನಲ್ಲ, ನುಸುಳಿದುದನ್ನು ಎಣಿಸಬೇಕೆಂಬುದು ಇಲ್ಲಿಯ ಗಣಿತದ ಮರ್ಮ.

ತೊಳೆಯುವ ಶೋಧಕದಲ್ಲಿ ಇನ್ನೊಂದು ತೊಡಕುಂಟು. ತೊಳೆದು ಒಣಗಿಸಿದ ಮೇಲೆ ಹದವರಿತು ಎಣ್ಣೆ ಸವರಬೇಕು. ಕಡಿಮೆಯಾದರೆ ಧೂಳು ನುಸುಳುತ್ತದೆ. ಹೆಚ್ಚಾದರೆ, ಗಾಳಿಯನ್ನು ಅಳೆಯುವ ಬಿಸಿತಂತಿಯ ಸಂವೇದಕವಿರುವ ಕಾರುಗಳಲ್ಲಿ ಆ ಎಣ್ಣೆ ತಂತಿಗೆ ಅಂಟಿ ಅಳತೆಯೇ ತಪ್ಪುತ್ತದೆ. ಇನ್ನು ಮಳೆಗಾಲದ ಮಾತು. ತಂಪು ಗಾಳಿಯನ್ನು ಅರಸಿ ಬಂಪರಿನ ಕೆಳಕ್ಕೆ ಇಳಿಸಿದ ಕೊಳವೆಯ ಬಾಯಿ, ಮಾಂಜ್ರಾ ನದಿಯ ಸೀಮೆಯ ತಗ್ಗು ಸೇತುವೆಗಳ ಮೇಲೆ ನೀರು ಹರಿಯುವಾಗ ಗಾಳಿಯ ಬದಲು ನೀರನ್ನೇ ಹೀರಬಹುದು. ಗಾಳಿಯಂತೆ ನೀರು ಒತ್ತಿದರೆ ಕುಗ್ಗುವುದಿಲ್ಲ. ಪಿಸ್ಟನ್ನಿನ ದಂಡವೇ ಬಾಗುತ್ತದೆ.

ಹೊರಜೋಡಣೆಗೆ ಸಲ್ಲುವ ಎಡೆ

ಹಾಗೆಂದು ಹೊರಜೋಡಣೆ ಎಲ್ಲೆಡೆಯೂ ವ್ಯರ್ಥವೆಂದರೆ ಅದು ನ್ಯಾಯವಾಗದು. ಪಂದ್ಯದ ಕಾರಿನಲ್ಲಿ ಕವಾಟಗಳು, ಹೊಗೆಕೊಳವೆ, ಇಂಧನ ನಿಯಂತ್ರಣ ಎಲ್ಲವನ್ನೂ ಹೊಸದಾಗಿ ಹೊಂದಿಸಿರುತ್ತಾರೆ. ಅಂಥ ಎಂಜಿನ್ನು ಮೂಲಜೋಡಣೆ ಪೂರೈಸಬಲ್ಲುದಕ್ಕಿಂತ ಹೆಚ್ಚು ಗಾಳಿಯನ್ನು ಬೇಡುತ್ತದೆ. ಅಲ್ಲಿ ಎಂಜಿನ್ನನ್ನು ಆಗಾಗ ಬಿಚ್ಚಿ ನೋಡುವ ಕುಶಲರಿರುತ್ತಾರೆ. ಹತ್ತು ಹದಿನೈದು ವರ್ಷ ಬಾಳಬೇಕೆಂಬ ಅಪೇಕ್ಷೆ ಇರುವುದಿಲ್ಲ. ಮಕ್ಕಳನ್ನು ಶಾಲೆಗೂ ಹಿರಿಯರನ್ನು ಆಸ್ಪತ್ರೆಗೂ ಕರೆದೊಯ್ಯುವ ಮನೆಯ ಕಾರಿನ ಧರ್ಮ ಬೇರೆ.

ಕಾಯಿದೆಯ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನಕದ ಕಾರುಗಳಲ್ಲಿ ಗಾಳಿಯ ಅಳತೆಗೂ ಹೊಗೆಯ ಶುದ್ಧಿಗೂ ನಿಕಟ ಸಂಬಂಧವಿದೆ. ಆದ್ದರಿಂದ ಕೈಹಾಕುವ ಮುನ್ನ ಬೀದರ ಅಥವಾ ಭಾಲ್ಕಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ಈ ವಿಷಯವನ್ನು ಪ್ರೌಢಶಾಲೆಯ ವಿಜ್ಞಾನದ ಕೊಠಡಿಯಲ್ಲೇ ತೋರಿಸಬಹುದು. ಪಾರದರ್ಶಕ ನಳಿಕೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಬಣ್ಣದ ನೀರನ್ನು ಅರ್ಧದವರೆಗೆ ತುಂಬಬೇಕು. ರಟ್ಟಿನ ಪೆಟ್ಟಿಗೆಯ ಬಾಯಿಗೆ ಕಾರಿನ ಕಾಗದದ ಶೋಧಕವನ್ನು ಬಿರುಕಿಲ್ಲದಂತೆ ಕೂಡಿಸಿ, ಹಿಂದಿನಿಂದ ಮನೆಯ ಧೂಳು ಹೀರುವ ಯಂತ್ರದಿಂದ ಗಾಳಿಯನ್ನು ಸೆಳೆಯಬೇಕು. ನಳಿಕೆಯ ಒಂದು ತುದಿಯನ್ನು ಪೆಟ್ಟಿಗೆಯೊಳಗೆ ಇಟ್ಟು, ಇನ್ನೊಂದನ್ನು ಹೊರಗೆ ತೆರೆದಿಟ್ಟರೆ, ಎರಡು ತೋಳುಗಳಲ್ಲಿನ ನೀರಿನ ಮಟ್ಟಗಳ ಅಂತರವೇ ಶೋಧಕದ ಅಡ್ಡಿ. ಹೊಸ ಶೋಧಕ, ಒಂದು ವರ್ಷ ಬಳಸಿದ ಶೋಧಕ, ಹೊರಜೋಡಣೆಯ ಶೋಧಕ ಈ ಮೂರನ್ನೂ ಹೀಗೆ ಅಳೆದು ಪಟ್ಟಿ ಮಾಡಿದ ವಿದ್ಯಾರ್ಥಿ, ಜಾಹೀರಾತನ್ನು ಓದುವಾಗ ‘ಎಷ್ಟು?’ ಎಂದು ಕೇಳುವುದನ್ನು ಕಲಿಯುತ್ತಾನೆ. ಹಳೆಯ ವಿದ್ಯಾರ್ಥಿಗಳಲ್ಲಿ ಕಾರು ಉಳ್ಳವರು ತಾವು ಬದಲಿಸಿದ ಶೋಧಕವನ್ನು ಎಸೆಯದೆ ಶಾಲೆಗೆ ಕೊಟ್ಟರೆ ಈ ಪಾಠಕ್ಕೆ ಬೇರೆ ಖರ್ಚು ಹೆಚ್ಚಿಲ್ಲ.

ನಿರ್ಣಯ

ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯ ಫಲ ಇಲ್ಲಿ ಉಲ್ಲೇಖನೀಯ. ಶೋಧಕ ಕಟ್ಟಿಕೊಂಡಾಗ, ಗಣಕದ ನಿಯಂತ್ರಣವುಳ್ಳ ಹೊಸ ಪೆಟ್ರೋಲು ಕಾರುಗಳ ಇಂಧನವ್ಯಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ವೇಗವನ್ನು ಏರಿಸಿಕೊಳ್ಳುವ ಚುರುಕು ಕುಂದಿತು. ಹೊಸ ಶೋಧಕ ಹಾಕಿದಾಗ ಆ ಚುರುಕು ಶೇಕಡಾ 6ರಿಂದ 11ರಷ್ಟು ಉತ್ತಮಗೊಂಡಿತು. ಅಂದಮೇಲೆ ಶಕ್ತಿಯನ್ನು ಬಯಸುವವನು ಮೊದಲು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ: ಇದ್ದ ಪೆಟ್ಟಿಗೆಯನ್ನು ತೆರೆದು ಅದರೊಳಗಿನ ಶೋಧಕವನ್ನು ನೋಡುವುದು.

ತಯಾರಕರ ಕೈಪಿಡಿಗಳು ಧೂಳಿನ ಪ್ರದೇಶಗಳಲ್ಲಿ ಶೋಧಕವನ್ನು ಹೆಚ್ಚು ಬಾರಿ ಪರೀಕ್ಷಿಸಬೇಕೆಂದು ಹೇಳುತ್ತವೆ. ಬೀದರ, ಭಾಲ್ಕಿ, ಔರಾದಗಳ ಕಾರುಗಳಿಗೆ ಆ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕಬ್ಬಿನ ಕಟಾವು ಮುಗಿದಮೇಲೊಮ್ಮೆ, ಮಳೆಗಾಲಕ್ಕೆ ಮುನ್ನ ಮತ್ತೊಮ್ಮೆ ಶೋಧಕವನ್ನು ನೋಡಿ ಬದಲಿಸುವುದು, ಪೆಟ್ಟಿಗೆಯ ಮುಚ್ಚಳದ ಅಂಚು ಬಿಗಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವುದು, ಕೊಳವೆಯಲ್ಲಿ ಬಿರುಕುಗಳಿದ್ದರೆ ಸರಿಪಡಿಸುವುದು ಇಷ್ಟರಿಂದ ಎಂಜಿನ್ನು ತನ್ನ ಹುಟ್ಟುಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಹೊರಜೋಡಣೆಗೆ ತೆರುವ ಹಣದ ಅಲ್ಪಭಾಗ ಇದಕ್ಕೆ ಸಾಕು. ಈ ಧೂಳಿನ ನಾಡಿನಲ್ಲಿ ಮನೆಯ ಕಾರಿಗೆ ಮೂಲಜೋಡಣೆಯೇ ಮೇಲು. ಹೆಚ್ಚು ಉಸಿರಿಗಿಂತ ಶುದ್ಧವಾದ ಉಸಿರೇ ಅದಕ್ಕೆ ಆಯುಷ್ಯ.