ಎಕ್ಸ್‌-ರೇ ನೋಡಿದ ಇಬ್ಬರು ವೈದ್ಯರು, ಎರಡು ಮಾತು

ಪ್ರಶ್ನೆ: ಮಗಳಿಗೆ ಮೂರು ವರ್ಷ. ಮೂರು ವಾರದಿಂದ ಕೆಮ್ಮು, ತೂಕವೂ ಏರುತ್ತಿಲ್ಲ. ಜೊತೆಗಿರುವ ಮಾವನವರಿಗೆ ಈಚೆಗೆ ಟಿಬಿ ಪತ್ತೆಯಾಗಿದೆ. ಮಗುವಿನ ಎಕ್ಸ್‌-ರೇ ನೋಡಿ ಒಬ್ಬ ವೈದ್ಯರು ಟಿಬಿ ಇರಬಹುದು ಎಂದರು, ಇನ್ನೊಬ್ಬರು ಏನೂ ಇಲ್ಲ ಎಂದರು. ಯಾರನ್ನು ನಂಬಲಿ?

ಉತ್ತರ: ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳಿರಬಹುದು, ತಾಯಿ. ಪುಟ್ಟ ಮಕ್ಕಳ ಎದೆಯ ಚಿತ್ರ ಓದುವುದು ಅನುಭವಿಗಳಿಗೂ ಕಷ್ಟ. ಟಿಬಿ ಇದ್ದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ, ಕುಳಿ ಕಾಣುತ್ತವೆ. ಮಕ್ಕಳಲ್ಲಿ ಶ್ವಾಸನಾಳದ ಬುಡದ ದುಗ್ಧರಸ ಗ್ರಂಥಿಗಳು ಊದಿಕೊಳ್ಳುತ್ತವೆ. ಅವು ಹೃದಯದ ನೆರಳಿನಲ್ಲಿ ಅಡಗಿಬಿಡಬಹುದು. ಎಳೆಯರಲ್ಲಿ ಸಹಜವಾಗಿಯೇ ದೊಡ್ಡದಾಗಿರುವ ಥೈಮಸ್ ಗ್ರಂಥಿಯೂ ಊತದಂತೆ ತೋರೀತು. ಮಗು ಅತ್ತು ಮೈ ತಿರುಗಿಸಿದರಂತೂ ಮುಗಿಯಿತು! ಅದಕ್ಕೇ ಐದು ವರ್ಷದೊಳಗಿನವರಿಗೆ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಸುವುದು ಒಳ್ಳೆಯದು. ವಿಕಿರಣ ಅತ್ಯಲ್ಪ, ಹೆದರಬೇಡಿ, ಸಿ.ಟಿ. ಸ್ಕ್ಯಾನ್‌ಗೆ ಮಾತ್ರ ಅವಸರ ಬೇಡ.

ನನ್ನ ದೃಷ್ಟಿಯಲ್ಲಿ ಚಿತ್ರಕ್ಕಿಂತ ದೊಡ್ಡ ಸುಳಿವು ನಿಮ್ಮ ಮಾವನವರ ಕಾಯಿಲೆ. ಮಗುವಿಗೂ ಸೋಂಕು ತಗುಲಿದೆಯೇ ಎಂದು ತಿಳಿಯಲು ಮಾಂಟೂ ಎಂಬ ಚರ್ಮದ ಪರೀಕ್ಷೆ ಮಾಡಿಸಿ. ಇಷ್ಟು ಚಿಕ್ಕವರು ಕಫ ಉಗುಳುವುದಿಲ್ಲ, ನುಂಗುತ್ತಾರೆ. ಆದ್ದರಿಂದ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಜಠರದ ದ್ರವ ತೆಗೆದೋ, ಮಲದ ಮಾದರಿಯಿಂದಲೋ ಟಿಬಿ ರೋಗಾಣು ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆ ಮಾಡುತ್ತಾರೆ. ಅದು ನೆಗೆಟಿವ್ ಬಂದರೂ ಟಿಬಿ ಇಲ್ಲವೆಂದಲ್ಲ, ಮಕ್ಕಳಲ್ಲಿ ರೋಗಾಣುಗಳೇ ಕಡಿಮೆ. ಎಲ್ಲವನ್ನೂ ಒಟ್ಟಿಗೆ ತೂಗಿ ಮಕ್ಕಳ ವೈದ್ಯರೇ ತೀರ್ಮಾನಿಸಬೇಕು. ಟಿಬಿ ಇಲ್ಲವೆಂದಾದರೂ ಮುಂಜಾಗ್ರತೆಯ ಔಷಧ ಕೊಡಬೇಕಾಗುತ್ತದೆ, ಅದನ್ನು ಕೇಳಲು ಮರೆಯಬೇಡಿ. ಮಾವನವರ ವರದಿಗಳನ್ನೂ ಒಯ್ಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ, ಔಷಧ ಎರಡೂ ಉಚಿತ. ಈ ವಾರವೇ ಹೋಗಿ.