ಅತ್ತೆಯ ಮರೆವು, ನಿಮ್ಮ ನಿದ್ದೆ

ಆನವಟ್ಟಿಯಿಂದ ಬರೆದಿದ್ದೀರಿ. ಅತ್ತೆಯ ಮೇಲೆ ಒಮ್ಮೆ ರೇಗಿದ ಮಾತ್ರಕ್ಕೆ ನೀವು ಕೆಟ್ಟ ಸೊಸೆಯಾಗಲಿಲ್ಲ, ತೀರಾ ದಣಿದಿದ್ದೀರಿ. ‘ಊಟವೇ ಹಾಕಿಲ್ಲ’ ಎಂದು ಅವರು ದೂರುವುದು ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯಿಂದ. ವಾದಕ್ಕಿಳಿಯಬೇಡಿ, ಒಂದು ಲೋಟ ಮಜ್ಜಿಗೆ ಕೊಟ್ಟು ಮಾತು ಬದಲಿಸಿ. ರಾತ್ರಿ ಎದ್ದು ಓಡಾಡುವುದು ಏಕಾಏಕಿ ಹೆಚ್ಚಿದ್ದರೆ ಮೂತ್ರದ ಸೋಂಕು, ಮಲಬದ್ಧತೆ, ನೋವು ಏನಾದರೂ ಇದೆಯೇ ಎಂದು ವೈದ್ಯರಿಗೆ ತೋರಿಸಿ.

ನನಗೆ ಹೆಚ್ಚು ಚಿಂತೆ ನಿಮ್ಮದೇ. ವಾರದಲ್ಲಿ ಎರಡು ರಾತ್ರಿಯಾದರೂ ಯಜಮಾನರು ಅತ್ತೆಯ ಪಕ್ಕ ಮಲಗಲಿ, ಅವರ ತಾಯಿಯಲ್ಲವೇ? ಫೋನಿನಲ್ಲಿ ಬುದ್ಧಿ ಹೇಳುವ ನಾದಿನಿಗೆ ‘ತಿಂಗಳಿಗೆ ನಾಲ್ಕು ದಿನ ಬಂದಿರಿ’ ಎಂದು ನೇರವಾಗಿ ಹೇಳಿ. ಮನಸ್ಸು ಕುಸಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.