ಕೀಚಕ ಗೆಲ್ಲುವ ಕಥೆಗಳು

ತಮ್ಮಂದಿರೇ, ತಂಗಿಯರೇ, ನಮ್ಮ ಕಡೆ ಹಿರಿಯರು ಕಿರಿಯರ ಎದುರು ಎತ್ತದ ವಿಷಯವೊಂದನ್ನು ಇವತ್ತು ಎತ್ತುತ್ತಿದ್ದೇನೆ. ನಾವು ಬಾಯಿ ಬಿಡದೆ ಕೂತದ್ದರಿಂದಲೇ ಅದು ಇಷ್ಟು ದೂರ ಬಂತು ಎಂದು ನನಗೆ ಅನ್ನಿಸುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದ ಬಸ್ಸುಗಳಲ್ಲಿ, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನೀವು ಮೊಬೈಲ್ ಹಿಡಿದು ಓದುವ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವ ಕಾಮಕಥೆಗಳ ಮಾತು ಇದು. ನಿಮ್ಮನ್ನು ನಾಚಿಸಿ ತಲೆ ತಗ್ಗಿಸುವಂತೆ ಮಾಡುವುದು ನನ್ನ ಉದ್ದೇಶವಲ್ಲ. ಒಂದಿಷ್ಟು ಹೊತ್ತು ಸಮಾಧಾನದಿಂದ ಕೇಳಿ.

ಇಂಥ ಓದು ನಮ್ಮ ಕಾಲದಲ್ಲಿಯೂ ಇತ್ತು. ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ಮೇಲೆ ದಾರಕ್ಕೆ ಸುಧಾ, ಕರ್ಮವೀರ, ತರಂಗ ತೂಗುತ್ತಿದ್ದವು. ಕೆಳಗೆ, ಅಂಗಡಿಯವರ ಮೊಣಕಾಲಿನ ಹತ್ತಿರ, ಪ್ಲಾಸ್ಟಿಕ್ ಹೊದಿಸಿ ಪಿನ್ನು ಹೊಡೆದ ತೆಳ್ಳನೆಯ ಪೋಲಿ ಪುಸ್ತಕಗಳು ಇರುತ್ತಿದ್ದವು. ಹೆಸರು ಹೇಳಿ ಕೇಳುವವರಿಲ್ಲ, ಕಣ್ಣಲ್ಲೇ ವ್ಯವಹಾರ. ಒಂದು ಪುಸ್ತಕ ಹತ್ತು ಕೈ ದಾಟಿ, ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲಿನ ನಡುವೆ ಅಡಗಿ, ಕೊನೆಗೆ ಹಾಳೆ ಕಿತ್ತು ಹೋಗುತ್ತಿತ್ತು. ಅದೇನೂ ಒಳ್ಳೆಯ ಓದಲ್ಲ. ಆದರೆ ಓದುವವನಿಗೆ ಅದು ಬದುಕಲ್ಲ ಎನ್ನುವುದು ಗೊತ್ತಿತ್ತು. ಕಳಪೆ ಕಾಗದ, ತಪ್ಪು ಅಕ್ಷರ, ಬರೆದವರ ಹೆಸರಿಲ್ಲದ ಹೊದಿಕೆ, ಎಲ್ಲವೂ ಅದನ್ನೇ ಹೇಳುತ್ತಿದ್ದವು.

ಈಗ ಹಾಗಿಲ್ಲ. 2011ರಲ್ಲಿ ಬಂದ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಲೋಕದ ತುಂಬ ಕೋಟಿಗಟ್ಟಲೆ ಮಾರಾಟವಾಯಿತು. ಅದರ ಸಿನಿಮಾ 2015ರಲ್ಲಿ ನಮ್ಮ ದೇಶದ ಚಿತ್ರಮಂದಿರಕ್ಕೆ ಬರಲಿಲ್ಲ, ಪುಸ್ತಕ ಮಾತ್ರ ರೈಲ್ವೆ ಸ್ಟೇಷನ್ನಿನ ಅಂಗಡಿಗಳಲ್ಲಿಯೂ ಸಿಕ್ಕಿತು. ಆಮೇಲೆ ಕಥೆಯ ಆ್ಯಪುಗಳು ಬಂದವು, ಕನ್ನಡದಲ್ಲಿಯೂ ಬಂದವು. ಅಲ್ಲಿ ಒಳ್ಳೆಯ ಬರಹವಿದೆ, ಮನೆಕೆಲಸ ಮುಗಿಸಿ ರಾತ್ರಿ ಕೂತು ಬರೆಯುವ ಗೃಹಿಣಿಯರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಅದರ ಪಕ್ಕದಲ್ಲೇ, ಅದೇ ಬಣ್ಣದ ಮುಖಚಿತ್ರ ಹೊತ್ತು, ಬಿಸಿಬಿಸಿ ಕಂತುಗಳೂ ಇವೆ. ಮೊದಲ ಕೆಲವು ಕಂತು ಪುಕ್ಕಟೆ. ಸರಿಯಾಗಿ ಬಾಗಿಲು ಮುಚ್ಚುವ ಹೊತ್ತಿಗೆ ಕಥೆಗೆ ಬೀಗ ಬೀಳುತ್ತದೆ. ಮುಂದಿನ ಕಂತಿಗೆ ಕಾಯಿನ್ ಕೊಡಬೇಕು, ಇಲ್ಲವೇ ನಾಳೆಯವರೆಗೆ ಕಾಯಬೇಕು. ಹೀಗೆ ನೂರಾರು ಕಂತು. ಕಳಪೆ ಕಾಗದ ಹೇಳುತ್ತಿದ್ದ ಎಚ್ಚರಿಕೆಯನ್ನು ಈ ಪರದೆ ಹೇಳುವುದಿಲ್ಲ. ಮನೆಯವರ ಫೋಟೋ, ಕಾಲೇಜಿನ ನೋಟ್ಸು, ದೇವರ ಭಜನೆ ಇರುವ ಅದೇ ಫೋನಿನಲ್ಲಿ ಇದೂ ಇದೆ.

ಕಾಮವನ್ನು ಕುರಿತು ಬರೆಯಲೇಬಾರದು ಎನ್ನುವವನು ನಾನಲ್ಲ. ಹಾಗೆಂದರೆ ಕನ್ನಡದ ಅರ್ಧ ಕಾವ್ಯವನ್ನು ಕಟ್ಟಿಡಬೇಕಾದೀತು. 11ನೇ ಶತಮಾನದಲ್ಲೇ ಚಂದ್ರರಾಜ 'ಮದನತಿಲಕ' ಎಂಬ ಕಾಮಶಾಸ್ತ್ರವನ್ನು ಕನ್ನಡದಲ್ಲಿ ಬರೆದ. ನೇಮಿಚಂದ್ರನ 'ಲೀಲಾವತಿ' ಶೃಂಗಾರಕ್ಕೆಂದೇ ಹೆಸರಾದ ಕೃತಿ. ನಮ್ಮ ಕರಾವಳಿಯ ಮೂಡುಬಿದಿರೆಯ ರತ್ನಾಕರವರ್ಣಿ 16ನೇ ಶತಮಾನದಲ್ಲಿ ಭೋಗವನ್ನೂ ಯೋಗವನ್ನೂ ಒಂದೇ ಕಾವ್ಯದಲ್ಲಿ ಹಾಡಿದ. ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದಾಗ, ಅರಮನೆಯ ರಾಣಿ ಅಮೃತಮತಿ ಕುರೂಪಿ ಮಾವುತನ ಹಾಡಿಗೆ ಮರುಳಾದದ್ದನ್ನು ಮುಚ್ಚಿಡಲಿಲ್ಲ. ಅವಳ ಮನಸ್ಸಿನೊಳಗೆ ಇಳಿದು ನೋಡಿದ. ಅದಕ್ಕೇ ಎಂಟುನೂರು ವರ್ಷ ಕಳೆದರೂ ಅಮೃತಮತಿಯ ಬಗ್ಗೆ ನಾವು ವಾದ ಮಾಡುತ್ತೇವೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅನಕೃ ವೇಶ್ಯೆಯರ ಬದುಕಿನ ಮೇಲೆ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದಾಗ ನಾಡಿನಲ್ಲಿ ದೊಡ್ಡ ಗಲಾಟೆಯಾಯಿತು. ಅಶ್ಲೀಲ ಎಂದರು. ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅದಕ್ಕೂ ಮೊದಲು, ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ, ಮುದ್ದುಪಳನಿ ಎಂಬ ಹೆಣ್ಣುಮಗಳು ತೆಲುಗಿನಲ್ಲಿ ಬರೆದಿದ್ದ 'ರಾಧಿಕಾ ಸಾಂತ್ವನಮು' ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಗಂಡಸು ಬರೆದರೆ ಶೃಂಗಾರ, ಹೆಂಗಸು ಬರೆದರೆ ಲಜ್ಜೆಗೇಡಿತನವೇ ಎಂಬ ಪ್ರಶ್ನೆಯನ್ನು ಆ ತಾಯಿ ಅಂದೇ ಎತ್ತಿದ್ದರು. ಆದ್ದರಿಂದ ಹೆಣ್ಣುಮಕ್ಕಳು ಆಸೆಯ ಬಗ್ಗೆ ಬರೆಯುತ್ತಾರೆ, ಓದುತ್ತಾರೆ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ.

ಹಾಗಾದರೆ ನನ್ನ ಚಿಂತೆ ಏನು? ಅದನ್ನು ಹೇಳಲು ನಮ್ಮದೇ ಯಕ್ಷಗಾನದ ಆಟದ ಉದಾಹರಣೆ ಸಾಕು.

ಹೊನ್ನಾವರ ತಾಲ್ಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕನಾಗಿ ರಂಗಕ್ಕೆ ಬಂದದ್ದನ್ನು ನೋಡಿದವರು ನಿಮ್ಮ ಮನೆಯಲ್ಲಿಯೂ ಇದ್ದಾರು, ಕೇಳಿ. 2012ರಲ್ಲಿ ಪದ್ಮಶ್ರೀ ಪಡೆದ, 2017ರಲ್ಲಿ ನಮ್ಮನ್ನಗಲಿದ ಆ ಮಹಾನ್ ಕಲಾವಿದ ಸೈರಂಧ್ರಿಯನ್ನು ಕಂಡ ಕೀಚಕನ ಮೋಹವನ್ನು ಕುಣಿಯುತ್ತಿದ್ದರೆ ಗದ್ದೆಬಯಲಿನಲ್ಲಿ ಚಾಪೆ ಹಾಸಿ ಮಲಗಿದ್ದವರೂ ಎದ್ದು ಕೂರುತ್ತಿದ್ದರು. ಕಣ್ಣು, ಹುಬ್ಬು, ಹೆಜ್ಜೆ, ಎಲ್ಲದರಲ್ಲಿಯೂ ಶೃಂಗಾರ. ಮಕ್ಕಳು, ಮುದುಕಿಯರು, ಹೊಸದಾಗಿ ಮದುವೆಯಾದವರು, ಎಲ್ಲರೂ ಕೂಡಿ ನೋಡುತ್ತಿದ್ದರು. ಯಾರೂ ಕೆಟ್ಟುಹೋಗಲಿಲ್ಲ. ಯಾಕೆಂದರೆ ಎದುರಿಗೆ ಸೈರಂಧ್ರಿ ಇದ್ದಳು. ಅವಳು ಬೇಡ ಎನ್ನುತ್ತಾಳೆ. ರಾಣಿ ಸುದೇಷ್ಣೆ ನೆಪ ಮಾಡಿ ಅವಳನ್ನು ಅವನ ಮನೆಗೆ ಕಳಿಸುತ್ತಾಳೆ, ಅವನು ಕೈಹಿಡಿದು ಎಳೆಯುತ್ತಾನೆ, ಅವಳು ವಿರಾಟನ ಸಭೆಗೆ ಓಡಿಬಂದು ನ್ಯಾಯ ಕೇಳುತ್ತಾಳೆ, ಸಭೆ ಸುಮ್ಮನಿರುತ್ತದೆ. ಬೆಳಗಿನ ಜಾವಕ್ಕೆ ಭೀಮನ ಕೈಯಲ್ಲಿ ಕೀಚಕ ಸಾಯುತ್ತಾನೆ. ಅವನ ಮೋಹಕ್ಕೆ ತಲೆದೂಗಿದ ಜನವೇ ಅವನ ಸಾವಿಗೂ ತಲೆದೂಗಿ ಮನೆಗೆ ಹೋಗುತ್ತಿತ್ತು. ಆಕೆಯ 'ಬೇಡ' ಎಂಬುದಕ್ಕೆ ಆ ಪ್ರಸಂಗದಲ್ಲಿ ಅಷ್ಟು ಬೆಲೆ.

ನೀವು ಓದುವ ಕಂತುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೋಟ್ಯಧೀಶ ಯಜಮಾನ, ಅವನ ಕಚೇರಿಗೆ ಕೆಲಸಕ್ಕೆ ಬಂದ ಬಡ ಹುಡುಗಿ. ಅಪ್ಪನ ಸಾಲ ತೀರಿಸಲು ಒಪ್ಪಂದದ ಮದುವೆ. ಅವನು ರಟ್ಟೆ ಹಿಡಿಯುತ್ತಾನೆ, ಬಿಡಿ ಎನ್ನುತ್ತಾಳೆ, ಬಿಡುವುದಿಲ್ಲ. ಕೆಲವು ಕಂತು ದಾಟುವಷ್ಟರಲ್ಲಿ ಆ ಹಿಡಿತವೇ ಅವಳಿಗೆ ಪ್ರೀತಿಯಾಗಿಬಿಡುತ್ತದೆ. ಇದು ಸಭ್ಯ ಆ್ಯಪಿನ ಕಥೆ. ಟೆಲಿಗ್ರಾಮಿನಲ್ಲಿ, ವಾಟ್ಸಾಪಿನಲ್ಲಿ ಹರಿದಾಡುವುದು ಇನ್ನೂ ಹೊಲಸು: ಅತ್ತಿಗೆ, ಪಕ್ಕದ ಮನೆಯ ಅಕ್ಕ, ಪಾಠ ಹೇಳುವ ಟೀಚರ್. ಅವರಿಗೆ ಮೈ ಇದೆ, ಮನಸ್ಸಿಲ್ಲ. ಬೇಡ ಎಂದರೆ ಅದು ನಾಚಿಕೆ, ಅತ್ತರೆ ಅದೂ ಸುಖ. ಇಲ್ಲಿ ಪ್ರತಿ ಸಲವೂ ಗೆಲ್ಲುವವನು ಕೀಚಕ. ಸೈರಂಧ್ರಿ ಕೊನೆಗೆ ಅವನಿಗೆ ಥ್ಯಾಂಕ್ಸ್ ಹೇಳುತ್ತಾಳೆ.

ಒಂದು ಕಥೆ ಓದಿದರೆ ಏನೂ ಆಗುವುದಿಲ್ಲ, ನಿಜ. ದಿನವೂ ರಾತ್ರಿ ಒಂದೂವರೆಯವರೆಗೆ, ವರ್ಷಗಟ್ಟಲೆ, ಹದಿನಾರು ಹದಿನೇಳರ ವಯಸ್ಸಿನಲ್ಲಿ ಇದನ್ನೇ ಓದಿದರೆ? ನಾಳೆ ಒಬ್ಬ ಹುಡುಗಿ ನಿನ್ನ ಎದುರು ನಿಂತು ಬೇಡ ಎಂದಾಗ, ತಮ್ಮಾ, ಆ ಮಾತು ನಿನಗೆ ಬೇಡ ಎಂದೇ ಕೇಳಿಸಬೇಕಲ್ಲ? ತಂಗೀ, ನಿನ್ನನ್ನು ಹೆದರಿಸುವವನನ್ನು, ನಿನ್ನ ಫೋನು ಕಸಿದು ನೋಡುವವನನ್ನು ಕಂಡು, ಇವನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ನೀನು ಕರಗಬಾರದಲ್ಲ? ನನಗೆ ನಿದ್ದೆ ಬಾರದಂತೆ ಮಾಡುವುದು ಈ ಎರಡು ಪ್ರಶ್ನೆಗಳು.

ನಮ್ಮ ಊರುಗಳಿಗೆ ಇನ್ನೊಂದು ಸಂಕಟವಿದೆ. ಭಟ್ಕಳದಿಂದ ಕೊಲ್ಲಿ ದೇಶಗಳಿಗೆ, ಹೊನ್ನಾವರ ಕುಮಟಾದಿಂದ ಬೆಂಗಳೂರು, ಮುಂಬಯಿ, ಗೋವಾಕ್ಕೆ ದುಡಿಯಲು ಹೋದ ಹುಡುಗರು ಎಷ್ಟೋ. ಒಂದು ಕೋಣೆಯಲ್ಲಿ ಆರೆಂಟು ಜನ, ಹೊಸ ಹೆಂಡತಿ ಊರಲ್ಲಿ, ಕೈಯಲ್ಲಿ ಫೋನು. ಕಾಸರಕೋಡು, ತದಡಿಯಿಂದ ಬೋಟಿಗೆ ಹೋಗುವವರದ್ದೂ ಅದೇ ಕಥೆ. ಆ ಒಂಟಿತನಕ್ಕೆ ನಾನು ತೀರ್ಪು ಹೇಳಲಾರೆ. ಇಷ್ಟೇ ಹೇಳುತ್ತೇನೆ: ಆ ಒಂದು ತಾಸನ್ನು ಹೆಂಡತಿಯೊಡನೆ ಮಾತಾಡುವುದಕ್ಕೆ ಕೊಡಿ. ಪರದೆಯ ಹೆಂಗಸಿಗೆ ಒಗ್ಗಿದ ಮನಸ್ಸು ರಜೆಗೆ ಊರಿಗೆ ಬಂದಾಗ ಮನೆಯ ಹೆಂಗಸಿನ ದಣಿವನ್ನು, ಮುನಿಸನ್ನು, ಸಂಕೋಚವನ್ನು ತಾಳಿಕೊಳ್ಳುವುದಿಲ್ಲ. ಹೀಗೆ ಬೇಸರಗೊಂಡ ಸಂಸಾರಗಳನ್ನು ಕಂಡಿದ್ದೇನೆ.

ತಿಳಿವಳಿಕೆಗಾಗಿ ಓದುತ್ತೇವೆ ಎನ್ನುವವರೂ ಇದ್ದಾರೆ. ಮೈಯ ಬಗ್ಗೆ ಪ್ರಶ್ನೆ ಇರುವುದು ತಪ್ಪಲ್ಲ, ಉತ್ತರ ಹುಡುಕುವ ಜಾಗ ತಪ್ಪು. ಆ ಕಥೆಗಳಲ್ಲಿ ಗರ್ಭದ ಭಯವಿಲ್ಲ, ರೋಗವಿಲ್ಲ, ಎಚ್ಚರಿಕೆಯಿಲ್ಲ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಹೋಗಿ ಕೇಳಿ. ಅಪ್ಪ ಅಮ್ಮಂದಿರಿಗೂ ಮಾಸ್ತರರಿಗೂ ನನ್ನ ವಿನಂತಿ, ಮಗುವಿನ ಮೊದಲ ಪ್ರಶ್ನೆಗೆ ಗದರಬೇಡಿ. ಗದರಿದರೆ ಎರಡನೆಯ ಪ್ರಶ್ನೆ ಫೋನಿಗೆ ಹೋಗುತ್ತದೆ.

ಬರೆಯುವ ಕೈಗಳಿಗೆ ಒಂದು ಮಾತು. ಹನೇಹಳ್ಳಿಯ ಯಶವಂತ ಚಿತ್ತಾಲರು, ಗೋಕರ್ಣದ ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿ, ಇವರೆಲ್ಲ ನಿಮ್ಮ ಕುಮಟಾ ತಾಲ್ಲೂಕಿನವರು. ಅವರ ಊರಿನಲ್ಲಿ ಹುಟ್ಟಿದ ನೀವು ಓದುಗರ ಎಣಿಕೆ ಏರಲೆಂದು ಮಲಗುವ ಕೋಣೆಯ ಕಂತುಗಳನ್ನು ನೂಲುತ್ತ ಕೂರಬೇಡಿ. ಆಸೆಯ ಬಗ್ಗೆ ಬರೆಯುವುದಾದರೆ ಬರೆಯಿರಿ, ಧೈರ್ಯವಾಗಿ ಬರೆಯಿರಿ. ಎದುರಿನ ವ್ಯಕ್ತಿಗೂ ಒಂದು ಮನಸ್ಸು ಕೊಟ್ಟು ಬರೆಯಿರಿ.

ಕೊನೆಯದಾಗಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದು. ಕಾಲೇಜಿನ ಹುಡುಗಿಯ ಹೆಸರು, ಊರು, ಅವಳ ಸ್ಟೇಟಸ್ಸಿನ ಫೋಟೋ ಹಾಕಿ ಹೊಲಸು ಕಥೆ ಕಟ್ಟಿ ಗುಂಪಿಗೆ ಬಿಡುವ ಚಾಳಿ ಶುರುವಾಗಿದೆ. ಒಬ್ಬರನ್ನೊಬ್ಬರು ಮನೆಯ ಹೆಸರಿನಿಂದ ಗುರುತಿಸುವ ನಮ್ಮಂಥ ಊರಿನಲ್ಲಿ ಆ ಹುಡುಗಿ ಮತ್ತೆ ಬಸ್ಸು ಹತ್ತುವುದು ಹೇಗೆ? ತಮಾಷೆಗೆ ಮಾಡಿದೆವು ಎಂದರೆ ಕಾನೂನು ಒಪ್ಪುವುದಿಲ್ಲ. ಅಶ್ಲೀಲ ಬರಹವನ್ನು ಫೋನಿನಲ್ಲಿ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿಯವರೆಗೆ ದಂಡ. ಹದಿನೆಂಟು ತುಂಬದವರ ಬಗ್ಗೆ ಬರೆದದ್ದಾದರೆ 67ಬಿ ಕಲಮಿನಡಿ ಐದು ವರ್ಷದವರೆಗೆ, ಚಿತ್ರವೇ ಬೇಕೆಂದಿಲ್ಲ, ಅಕ್ಷರವೂ ಸಾಕು. ಬರೆದವನಷ್ಟೇ ಅಲ್ಲ, ಮುಂದೆ ಕಳಿಸಿದವನೂ ಸಿಕ್ಕಿಬೀಳುತ್ತಾನೆ. ನಿನ್ನ ಮೇಲೆಯೇ ಹೀಗಾಗಿದ್ದರೆ, ಮಗಳೇ, ಅವಮಾನ ನಿನ್ನದಲ್ಲ. ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೋ, ನಂಬುವ ಒಬ್ಬ ಹಿರಿಯರಿಗೆ ಹೇಳು, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡು. ಹದಿನೆಂಟರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ.

ಉಳಿದವರಿಗೆ ಕೈಮುಗಿದು ಕೇಳುತ್ತೇನೆ. ಅಂಥ ಕಥೆ ನಿಮ್ಮ ಗುಂಪಿಗೆ ಬಂದ ದಿನ ವಿರಾಟನ ಸಭೆಯವರಂತೆ ಸುಮ್ಮನೆ ಕೂರಬೇಡಿ. ಅವಳು ನಿಮಗೆ ಗೊತ್ತಿಲ್ಲದಿದ್ದರೂ, ಕಳಿಸಿದವನು ನಿಮ್ಮ ಜೀವದ ಗೆಳೆಯನೇ ಆಗಿದ್ದರೂ, ಇದನ್ನು ಈಗಲೇ ಅಳಿಸು ಎಂದು ಅವನಿಗೆ ಹೇಳಿ.